ತಡಿಯಂಡಮೋಳ್‌ನಿಂದ ಹಾರಿಸಿದ ಗುಂಡು ಎಲ್ಲಿ ಬೀಳುತ್ತದೆ?

ಕೈಲ್ ಪೋಳ್ದ್ ಹಬ್ಬ ಬಂತೆಂದರೆ ಕೊಡಗಿನ ಊರೂರ ಮೈದಾನಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಹುಡುಗರು, ಹೆಣ್ಣುಮಕ್ಕಳು, ವಯಸ್ಸಾದ ಹಿರಿಯರು ಸರದಿಯಲ್ಲಿ ನಿಂತು ಕೋವಿ ಎತ್ತುತ್ತಾರೆ. ಅವರಲ್ಲಿ ಪಳಗಿದ ಗುರಿಕಾರರ ಕೈಗೇ ಗೊತ್ತಿರುವ ಒಂದು ಸಂಗತಿಯಿದೆ: ಗುಂಡು ಗೆರೆ ಎಳೆದ ಹಾಗೆ ನೇರವಾಗಿ ಹೋಗುವುದಿಲ್ಲ. ನಳಿಗೆಯಿಂದ ಹೊರಬಿದ್ದ ಕ್ಷಣದಿಂದಲೇ ಅದು ಬೀಳುತ್ತಿರುತ್ತದೆ. ಶಾಲೆಯಲ್ಲಿ ಗುರುತ್ವಾಕರ್ಷಣೆಯ ಪಾಠ ಸಾಮಾನ್ಯವಾಗಿ ಸೂತ್ರದಿಂದ ಶುರುವಾಗುತ್ತದೆ. ಈ ಗುಂಡಿನಿಂದ ಶುರು ಮಾಡಿದರೆ ವಿಷಯ ಬೇಗ ಮನಸ್ಸಿಗೆ ಇಳಿಯುತ್ತದೆ ಎಂಬುದು ನನ್ನ ನಂಬಿಕೆ.

ಲೆಕ್ಕ ಸಣ್ಣದು. ಪಾಯಿಂಟ್ 22 ರೈಫಲ್ಲಿನ ಗುಂಡು ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಹೊರಟಿತು, ಕಾಯಿ 50 ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳೋಣ. ಅಷ್ಟು ದೂರಕ್ಕೆ ಗುಂಡಿಗೆ 0.15 ಸೆಕೆಂಡು ಸಾಕು. ಗಾಳಿಯ ತಡೆಯನ್ನು ಬದಿಗಿಟ್ಟರೆ, ಭೂಮಿಯ ಮೇಲೆ ಯಾವುದೇ ವಸ್ತುವನ್ನು ಕೈಬಿಟ್ಟರೂ ಮೊದಲ ಒಂದು ಸೆಕೆಂಡಿನಲ್ಲಿ ಅದು 4.9 ಮೀಟರ್ ಬೀಳುತ್ತದೆ. ಬೀಳುವ ದೂರ ಸಮಯದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. 0.15ರ ವರ್ಗವನ್ನು 4.9ರಿಂದ ಗುಣಿಸಿದರೆ ಸುಮಾರು 0.11 ಮೀಟರ್, ಅಂದರೆ 11 ಸೆಂಟಿಮೀಟರ್. ನಳಿಗೆಯನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು ಕಾಯಿಯ ನಟ್ಟನಡುವಿಗೆ ನೇರ ಮಾಡಿದರೆ, ಸಿಪ್ಪೆ ಸುಲಿದ ಕಾಯಿಯ ಅಡಿಯಿಂದ ಗುಂಡು ಹಾದುಹೋಗುತ್ತದೆ. ಅದಕ್ಕಾಗಿಯೇ ಗುರಿ ಹಿಡಿಯುವ ಮೊನೆಗಳನ್ನು ಹೊಂದಿಸುವಾಗ ನಳಿಗೆ ತುಸು ಮೇಲ್ಮುಖವಾಗಿರುವಂತೆ ನೋಡಿಕೊಳ್ಳುತ್ತಾರೆ.

ಈಗ ಒಂದು ಪ್ರಶ್ನೆ. ನಳಿಗೆಯನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು ಒಂದು ಗುಂಡು ಹಾರಿಸಿದೆವು. ಅದೇ ಕ್ಷಣದಲ್ಲಿ, ಅದೇ ಎತ್ತರದಿಂದ ಇನ್ನೊಂದು ಗುಂಡನ್ನು ಸುಮ್ಮನೆ ಕೈಬಿಟ್ಟೆವು. ಮುಂದೆ ಸಮತಟ್ಟಾದ ಬಯಲಿದೆ. ಯಾವುದು ಮೊದಲು ನೆಲ ಮುಟ್ಟುತ್ತದೆ? ಕೈಬಿಟ್ಟದ್ದೇ ಮೊದಲು ಎಂದು ಬಹಳ ಮಂದಿ ಹೇಳುತ್ತಾರೆ. ಗಾಳಿಯ ಪ್ರಭಾವವನ್ನು ಬದಿಗಿಟ್ಟರೆ ಎರಡೂ ಒಟ್ಟಿಗೆ ನೆಲ ಮುಟ್ಟುತ್ತವೆ. ಒಂದು ಕಾಲಬುಡದಲ್ಲಿ, ಇನ್ನೊಂದು ನೂರಾರು ಮೀಟರ್ ಆಚೆ, ಆದರೆ ಒಂದೇ ಹೊತ್ತಿಗೆ. ಅಡ್ಡಲಾಗಿ ಓಡುವ ವೇಗಕ್ಕೂ ಕೆಳಗೆ ಬೀಳುವುದಕ್ಕೂ ಲೆಕ್ಕ ಬೇರೆ ಬೇರೆ. ವೇಗವಾಗಿ ಓಡುತ್ತಿದೆ ಎಂಬ ಕಾರಣಕ್ಕೆ ಭೂಮಿ ಯಾವ ವಸ್ತುವಿಗೂ ರಿಯಾಯಿತಿ ಕೊಡುವುದಿಲ್ಲ. ಮುಂದೆ ಬರುವ ಚಂದ್ರನ ಕತೆ ನಿಂತಿರುವುದು ಇದರ ಮೇಲೆಯೇ.

ಎರಡೂ ಗುಂಡುಗಳು ಒಂದೇ ತೂಕದವು ಎಂಬುದರಿಂದ ಹೀಗಾಯಿತೇ? ಇಲ್ಲ. ಒಂದು ಗುಂಡಿನ ಬದಲು ತೆಂಗಿನಕಾಯಿಯನ್ನೇ ಕೈಬಿಟ್ಟಿದ್ದರೂ ಅದೇ ಹೊತ್ತಿಗೆ ನೆಲ ಮುಟ್ಟುತ್ತಿತ್ತು. ಭಾರವಾದದ್ದು ಬೇಗ ಬೀಳುತ್ತದೆ ಎಂಬ ಅನಿಸಿಕೆ ನಮ್ಮಲ್ಲಿ ಎಷ್ಟು ಆಳಕ್ಕಿಳಿದಿದೆ ಎಂದರೆ, ಪರೀಕ್ಷೆಯಲ್ಲಿ ಸರಿಯುತ್ತರ ಬರೆದವರೂ ಒಳಗೊಳಗೆ ಆ ಉತ್ತರವನ್ನು ನಂಬಿರುವುದಿಲ್ಲ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆ, ಇನ್ನೊಂದು ಕೈಯಿಂದ ಹಕ್ಕಿಯ ಗರಿಯನ್ನು ಒಟ್ಟಿಗೆ ಬಿಟ್ಟರು. ಗಾಳಿಯಿಲ್ಲದ ಅಲ್ಲಿ ಎರಡೂ ಒಟ್ಟಿಗೆ ನೆಲ ಸೇರಿದವು. ಅದರ ವಿಡಿಯೊ ಇಂದಿಗೂ ಲಭ್ಯವಿದೆ. ಮಕ್ಕಳಿಗೆ ಒಮ್ಮೆ ತೋರಿಸಿ.

ಕಾರಣ ಹೀಗಿದೆ. ಹತ್ತು ಪಟ್ಟು ಹೆಚ್ಚು ದ್ರವ್ಯರಾಶಿಯುಳ್ಳ ವಸ್ತುವನ್ನು ಭೂಮಿ ಹತ್ತು ಪಟ್ಟು ಹೆಚ್ಚು ಬಲದಿಂದ ಎಳೆಯುವುದು ನಿಜ. ಆದರೆ ಅಷ್ಟು ದ್ರವ್ಯರಾಶಿಯನ್ನು ಚಲನೆಗೆ ತರುವುದೂ ಹತ್ತು ಪಟ್ಟು ಕಷ್ಟ. ಜಡತ್ವ ಎಂದು ಪಠ್ಯದಲ್ಲಿ ಓದುವುದು ಇದನ್ನೇ. ಎಳೆತ ಎಷ್ಟು ಹೆಚ್ಚಿತೋ ಮೊಂಡುತನವೂ ಅಷ್ಟೇ ಹೆಚ್ಚಿತು. ಭಾಗಿಸಿದಾಗ ಹತ್ತಕ್ಕೆ ಹತ್ತು ಹೊಡೆದುಹೋಗಿ, ಎಲ್ಲ ವಸ್ತುಗಳಿಗೂ ಪ್ರತಿ ಸೆಕೆಂಡೂ ವೇಗ ಸೆಕೆಂಡಿಗೆ 9.8 ಮೀಟರ್‌ನಂತೆ ಏರುವ ಒಂದೇ ದರ ಉಳಿಯುತ್ತದೆ. ಗುರುತ್ವ ವೇಗೋತ್ಕರ್ಷ ಎಂದರೆ ಇದು. ಎಳೆಸಿಕೊಳ್ಳುವ ಗುಣವೂ ಅಲುಗಾಡದೆ ನಿಲ್ಲುವ ಗುಣವೂ ಇಷ್ಟು ಕರಾರುವಾಕ್ಕಾಗಿ ಸಮ ಏಕೆ ಎಂಬ ಪ್ರಶ್ನೆಯನ್ನು ಐನ್‌ಸ್ಟೈನ್ ಗಂಭೀರವಾಗಿ ತೆಗೆದುಕೊಂಡರು. ಅದನ್ನು ಬೆನ್ನುಹತ್ತಿ 1915ರಲ್ಲಿ ಅವರು ತಲುಪಿದ್ದು ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು. ಅದರ ಪ್ರಕಾರ ಗುರುತ್ವವೆಂಬುದು ದೇಶ ಮತ್ತು ಕಾಲದ ಬಾಗುವಿಕೆ. ಆ ದಾರಿಯಲ್ಲಿ ಈಗ ಹೋಗುವುದು ಬೇಡ. ಕೋವಿಗೆ, ನದಿಗೆ, ಉಪಗ್ರಹಕ್ಕೆ ನ್ಯೂಟನ್ನನ ಲೆಕ್ಕವೇ ಧಾರಾಳವಾಗಿ ಸಾಕು.

ಕಕ್ಕಬ್ಬೆಯ ಕಡೆಯಿಂದ ಹತ್ತುವ ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟ. ಸಮುದ್ರಮಟ್ಟದಿಂದ 1748 ಮೀಟರ್. ಗಾಳಿಯೇ ಇಲ್ಲವೆಂದು ಭಾವಿಸಿ, ಅದರ ತುದಿಯಲ್ಲಿ ನಿಂತು ಪಶ್ಚಿಮಕ್ಕೆ ಒಂದು ಗುಂಡು ಹಾರಿಸೋಣ. ಅಷ್ಟು ಎತ್ತರದಿಂದ ಸಮುದ್ರಮಟ್ಟಕ್ಕೆ ಬೀಳಲು 19 ಸೆಕೆಂಡು ಬೇಕು. ನಮ್ಮ ರೈಫಲ್ಲಿನ ಗುಂಡು ಆ ಹೊತ್ತಿನಲ್ಲಿ ಆರು ಕಿಲೋಮೀಟರ್ ದೂರ ಹೋಗಬಲ್ಲದು. ಸೆಕೆಂಡಿಗೆ 3 ಕಿಲೋಮೀಟರ್ ವೇಗ ಕೊಟ್ಟರೆ ಮಲಬಾರಿನ ಕರಾವಳಿಯನ್ನು ದಾಟಿ ಅರಬ್ಬೀ ಸಮುದ್ರದಲ್ಲಿ ಬೀಳುತ್ತದೆ. ವೇಗವನ್ನು ಇನ್ನೂ ಏರಿಸುತ್ತಾ ಹೋಗೋಣ. ಈಗ ಇನ್ನೊಂದು ಸಂಗತಿ ಲೆಕ್ಕಕ್ಕೆ ಬರುತ್ತದೆ: ಭೂಮಿ ಗುಂಡಾಗಿದೆ. ಗುಂಡು ಮುಂದೆ ಸಾಗಿದಂತೆ ಕೆಳಗಿನ ನೆಲವೂ ಬಾಗಿ ತಗ್ಗುತ್ತಾ ಹೋಗುತ್ತದೆ. 7.9 ಕಿಲೋಮೀಟರ್ ಮುಂದೆ ಹೋದರೆ ಭೂಮಿಯ ಮೇಲ್ಮೈ 4.9 ಮೀಟರ್ ತಗ್ಗಿರುತ್ತದೆ. ಈ 4.9 ಎಂಬ ಸಂಖ್ಯೆಯನ್ನು ಆಗಲೇ ನೋಡಿದ್ದೇವೆ. ಒಂದು ಸೆಕೆಂಡಿನಲ್ಲಿ ಬೀಳುವ ದೂರ ಅದು. ಹಾಗಾದರೆ ಸೆಕೆಂಡಿಗೆ 7.9 ಕಿಲೋಮೀಟರ್ ವೇಗದಲ್ಲಿ ಹಾರಿಸಿದ ಗುಂಡು ಎಷ್ಟು ಬೀಳುತ್ತದೋ ನೆಲವೂ ಅಷ್ಟೇ ತಗ್ಗುತ್ತದೆ. ಗುಂಡು ಬೀಳುತ್ತಲೇ ಇರುತ್ತದೆ, ನೆಲ ಎಂದಿಗೂ ಸಿಗುವುದಿಲ್ಲ. ಸುಮಾರು ಒಂದೂವರೆ ಗಂಟೆಯಲ್ಲಿ ಅದು ಇಡೀ ಭೂಮಿಯನ್ನು ಸುತ್ತಿ ಪೂರ್ವ ದಿಕ್ಕಿನಿಂದ ಮರಳಿ ಬರುತ್ತದೆ.

ಬೆಟ್ಟದ ತುದಿಯಿಂದ ಎಸೆದ ವಸ್ತು ಭೂಮಿಯನ್ನು ಸುತ್ತುವ ಈ ಚಿತ್ರ ನ್ಯೂಟನ್ನನದೇ. ಬೆಟ್ಟವನ್ನು ಮಾತ್ರ ನಾನು ಕೊಡಗಿಗೆ ತಂದಿದ್ದೇನೆ. ವಿಜ್ಞಾನದ ಇತಿಹಾಸದಲ್ಲಿ ಇಷ್ಟು ಸರಳವಾಗಿ ಇಷ್ಟು ದೊಡ್ಡದನ್ನು ತೋರಿಸಿದ ಚಿತ್ರ ಇನ್ನೊಂದನ್ನು ನಾನು ಕಂಡಿಲ್ಲ. ಅಲ್ಲಿಯವರೆಗೆ ಆಕಾಶದ ನಿಯಮಗಳು ಬೇರೆ, ನೆಲದ ನಿಯಮಗಳು ಬೇರೆ ಎಂಬ ತಿಳಿವಳಿಕೆಯೇ ಬಲವಾಗಿತ್ತು. ಚಂದ್ರನೂ ಭೂಮಿಯ ಕಡೆಗೆ ಬೀಳುತ್ತಿದ್ದಾನೆ, ಅಡ್ಡವೇಗ ಇರುವುದರಿಂದ ಮುಟ್ಟುತ್ತಿಲ್ಲ ಅಷ್ಟೇ ಎಂದು ನ್ಯೂಟನ್ ಹೇಳಿದ. ಬಾಯಿಮಾತಿಗೆ ಹೇಳಿ ಬಿಡಲಿಲ್ಲ, ಲೆಕ್ಕ ಹಾಕಿ ತೋರಿಸಿದ. ಭೂಮಿಯ ಕೇಂದ್ರದಿಂದ ನಾವು ಸುಮಾರು 6,371 ಕಿಲೋಮೀಟರ್ ದೂರದಲ್ಲಿದ್ದೇವೆ; ಚಂದ್ರ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ. ಅಂದರೆ 60 ಪಟ್ಟು. ದೂರದ ವರ್ಗಕ್ಕೆ ತಕ್ಕಂತೆ ಎಳೆತ ಕುಗ್ಗುವುದಾದರೆ ಅಲ್ಲಿ ಅದು 60ರ ವರ್ಗ, ಅಂದರೆ 3,600ರಲ್ಲಿ ಒಂದು ಪಾಲು ಇರಬೇಕು. 4.9 ಮೀಟರನ್ನು 3,600ರಿಂದ ಭಾಗಿಸಿದರೆ 1.36 ಮಿಲಿಮೀಟರ್. ಇನ್ನು ಚಂದ್ರನ ನಿಜವಾದ ಚಲನೆಯನ್ನು ನೋಡಿ: ಅವನು ಸೆಕೆಂಡಿಗೆ ಒಂದು ಕಿಲೋಮೀಟರಿಗೂ ತುಸು ಹೆಚ್ಚು ವೇಗದಲ್ಲಿ ಸಾಗುತ್ತಾ, ನೇರ ಗೆರೆಯಿಂದ ಪ್ರತಿ ಸೆಕೆಂಡಿಗೆ ಬಾಗುವುದು ಅದೇ 1.36 ಮಿಲಿಮೀಟರ್. ತೆಂಗಿನಕಾಯಿಯನ್ನು ಬೀಳಿಸುವ ಬಲವೂ ಚಂದ್ರನನ್ನು ಸುತ್ತಿಸುವ ಬಲವೂ ಒಂದೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 1687ರಲ್ಲಿ ಪ್ರಕಟವಾದ ಅವನ ಪ್ರಿನ್ಸಿಪಿಯಾದಲ್ಲಿ ಈ ನಿಯಮವಿದೆ.

ಬಾಹ್ಯಾಕಾಶದಲ್ಲಿ ಗುರುತ್ವಾಕರ್ಷಣೆ ಇಲ್ಲ ಎಂಬ ಮಾತು ಎಷ್ಟು ತಪ್ಪು ಎಂಬುದು ಇಲ್ಲಿಂದ ತಾನಾಗಿ ತಿಳಿಯುತ್ತದೆ. 1984ರಲ್ಲಿ ರಾಕೇಶ್ ಶರ್ಮಾ, 2025ರಲ್ಲಿ ಶುಭಾಂಶು ಶುಕ್ಲಾ ಕಕ್ಷೆಯಲ್ಲಿ ತೇಲಿದ್ದನ್ನು ನಾವು ನೋಡಿದ್ದೇವೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಯೂ ಭೂಮಿಯ ಎಳೆತ ನೆಲದ ಮೇಲಿನ ಎಳೆತದ ಶೇಕಡಾ 88ರಷ್ಟಿದೆ. ನಿಲ್ದಾಣವೂ ಅದರೊಳಗಿನ ಮನುಷ್ಯರೂ ಒಂದೇ ದರದಲ್ಲಿ ಬೀಳುತ್ತಿರುವುದರಿಂದ ಕಾಲಿಗೆ ಒತ್ತುವ ನೆಲವಿಲ್ಲ. ನಮಗೆ ತೂಕ ಎಂದು ಅನುಭವಕ್ಕೆ ಬರುವುದು ಭೂಮಿಯ ಎಳೆತವಲ್ಲ, ಬೀಳದಂತೆ ನಮ್ಮನ್ನು ತಡೆದಿರುವ ನೆಲ ಅಥವಾ ಕುರ್ಚಿ ಮೇಲಕ್ಕೆ ಒತ್ತುವ ಬಲ. ಗುರುತ್ವದ ವಿಷಯದಲ್ಲಿ ನಾನು ಎಲ್ಲರಿಗೂ ಸೂಚಿಸುವ ಉಪಾಯ ಒಂದೇ: ಯಾವ ವಸ್ತುವನ್ನು ಕಂಡರೂ ಅದು ಬೀಳದಂತೆ ತಡೆದಿರುವುದು ಯಾವುದು ಎಂದು ಕೇಳಿಕೊಳ್ಳಿ. ಎಳೆತ ಎಲ್ಲೆಡೆ ಇದೆ. ತಡೆ ಮಾತ್ರ ಒಂದೊಂದು ಕಡೆ ಒಂದೊಂದು. ಕೆಲವೆಡೆ ನೆಲ, ಕೆಲವೆಡೆ ಗಾಳಿ, ಇಳಿಜಾರಿನಲ್ಲಿ ಘರ್ಷಣೆ. ಚಂದ್ರನಿಗೆ ಅಂಥ ತಡೆಯೇ ಇಲ್ಲ. ಅವನು ಬೀಳುತ್ತಲೇ ಇದ್ದಾನೆ.

ಸೂತ್ರಕ್ಕೆ ಬರೋಣ. ಎರಡು ವಸ್ತುಗಳ ದ್ರವ್ಯರಾಶಿಗಳನ್ನು ಪರಸ್ಪರ ಗುಣಿಸಿ, ಅವುಗಳ ನಡುವಿನ ದೂರದ ವರ್ಗದಿಂದ ಭಾಗಿಸಿ, ಬಂದದ್ದನ್ನು ಒಂದು ಸ್ಥಿರಾಂಕದಿಂದ ಗುಣಿಸಿದರೆ ಅವುಗಳ ನಡುವಿನ ಆಕರ್ಷಣೆ ಸಿಗುತ್ತದೆ. ಮಾಯೆಯಿರುವುದು ಆ ಸ್ಥಿರಾಂಕದಲ್ಲಿ. ಕಿಲೋಗ್ರಾಂ, ಮೀಟರ್‌ಗಳ ಲೆಕ್ಕದಲ್ಲಿ ಅದು 6.67ನ್ನು ಹತ್ತರಿಂದ ಹನ್ನೊಂದು ಬಾರಿ ಭಾಗಿಸಿದಷ್ಟು ಪುಟ್ಟದು. ದುಬಾರೆಯ ಶಿಬಿರದಲ್ಲಿ ನಾಲ್ಕು ಸಾವಿರ ಕಿಲೋಗ್ರಾಂನ ಎರಡು ಆನೆಗಳು ಐದು ಮೀಟರ್ ಅಂತರದಲ್ಲಿ ನಿಂತಿವೆ ಎಂದುಕೊಳ್ಳಿ. ಅವು ಪರಸ್ಪರ ಎಳೆಯುವ ಬಲ, ಒಂದು ಅಕ್ಕಿಕಾಳಿನ ಐದರಲ್ಲೊಂದು ಭಾಗದ ತೂಕದಷ್ಟು. ಬಲಗಳಲ್ಲೆಲ್ಲ ಗುರುತ್ವ ಇಷ್ಟು ದುರ್ಬಲ. ಆದರೂ ಅದೇ ಆನೆಗಳು ನೆಲಕ್ಕೆ ಅಂಟಿಕೊಂಡಿವೆ, ಏಕೆಂದರೆ ಎದುರು ಕಡೆ ಇರುವುದು ಇಡೀ ಭೂಮಿ. ವಿದ್ಯುತ್ತಿನಲ್ಲಿ ಧನ, ಋಣ ಎರಡೂ ಇದ್ದು ಒಂದನ್ನೊಂದು ಅಳಿಸಿಹಾಕುತ್ತವೆ. ಗುರುತ್ವಕ್ಕೆ ಋಣವಿಲ್ಲ, ಕೂಡುತ್ತಲೇ ಹೋಗುತ್ತದೆ. ಆದ್ದರಿಂದಲೇ ದೊಡ್ಡ ದೊಡ್ಡ ಕಾಯಗಳ ಲೋಕದಲ್ಲಿ ಅದರದ್ದೇ ಆಳ್ವಿಕೆ.

ಇಂತಹ ಕ್ಷೀಣ ಬಲವನ್ನು 1798ರಲ್ಲಿಯೇ ಒಬ್ಬ ಮನುಷ್ಯ ಕೋಣೆಯೊಂದರಲ್ಲಿ ಅಳೆದ. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್, ಉದ್ದನೆಯ ಕೋಲಿನ ಎರಡು ತುದಿಗಳಿಗೆ ಸಣ್ಣ ಸೀಸದ ಗುಂಡುಗಳನ್ನು ಕಟ್ಟಿ, ಕೋಲನ್ನು ನಡುವಿನಲ್ಲಿ ತೆಳುವಾದ ತಂತಿಯಿಂದ ತೂಗುಹಾಕಿದ. ಆ ಗುಂಡುಗಳ ಹತ್ತಿರಕ್ಕೆ 150 ಕಿಲೋಗ್ರಾಂಗೂ ಮೀರಿದ ಎರಡು ದೊಡ್ಡ ಸೀಸದ ಗೋಳಗಳನ್ನು ತಂದಾಗ ಕೋಲು ಬಹಳ ಸ್ವಲ್ಪ ತಿರುಗಿತು, ತಂತಿ ಹುರಿಗೊಂಡಿತು. ಮೈಯ ಶಾಖದಿಂದ ಏಳುವ ಗಾಳಿಯೂ ಕೋಲನ್ನು ಅಲುಗಿಸೀತೆಂದು ಅವನು ಹೊರಗೆ ನಿಂತು ದೂರದರ್ಶಕದಿಂದ ನೋಡಿದ. ಅವನಿಗೆ ಬೇಕಿದ್ದುದು ಭೂಮಿಯ ಸಾಂದ್ರತೆ. ಸಿಕ್ಕ ಉತ್ತರ ನೀರಿನ ಸುಮಾರು ಐದೂವರೆ ಪಟ್ಟು. ಇಂದಿನ ಬೆಲೆ 5.51. ನಮ್ಮ ಕಾಲಡಿಯ ಬಂಡೆಗಳ ಸಾಂದ್ರತೆ ಮೂರರ ಒಳಗೇ ಇರುವಾಗ ಇಡೀ ಭೂಮಿಯದು ಐದೂವರೆಯಾದರೆ, ಆಳದಲ್ಲಿ ಬಹಳ ಭಾರವಾದದ್ದು ಏನೋ ಇರಲೇಬೇಕು. ಅದು ಬಹುಪಾಲು ಕಬ್ಬಿಣ ಎಂಬುದು ನಮಗೆ ಈಗ ಗೊತ್ತು. ಒಂದಡಿಯೂ ಅಗೆಯದೆ ಭೂಮಿಯ ಗರ್ಭದ ಸುದ್ದಿ ತಿಳಿದದ್ದು ಹೀಗೆ.

ದ್ರವ್ಯರಾಶಿಗೂ ತೂಕಕ್ಕೂ ಇರುವ ವ್ಯತ್ಯಾಸವನ್ನು ಕಾಫಿ ಚೀಲದಿಂದ ತಿಳಿಯಬಹುದು. 50 ಕಿಲೋ ಚೀಲದಲ್ಲಿರುವ ಕಾಫಿ ಎಲ್ಲಿ ಹೋದರೂ ಅಷ್ಟೇ ಕಾಫಿ; ಅದು ದ್ರವ್ಯರಾಶಿ. ಭೂಮಿ ಅದನ್ನು ಎಳೆಯುವ ಬಲ ತೂಕ, ಅದು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಹಳೆಯ ತಕ್ಕಡಿಯಲ್ಲಿ ಎರಡೂ ತಟ್ಟೆಗಳ ಮೇಲಿನ ಎಳೆತ ಒಟ್ಟಿಗೇ ಬದಲಾಗುವುದರಿಂದ ವ್ಯತ್ಯಾಸ ತಿಳಿಯುವುದಿಲ್ಲ. ಸ್ಪ್ರಿಂಗ್ ತಕ್ಕಡಿ ಮತ್ತು ಎಲೆಕ್ಟ್ರಾನಿಕ್ ತಕ್ಕಡಿಗಳು ಅಳೆಯುವುದು ಬಲವನ್ನು. ಸಮುದ್ರಮಟ್ಟದಲ್ಲಿ 50 ಕಿಲೋ ತೋರಿಸಿದ ಅಂಥ ತಕ್ಕಡಿ, 1748 ಮೀಟರ್ ಮೇಲೇರಿದಾಗ ಎತ್ತರವೊಂದರ ಕಾರಣದಿಂದಲೇ 27 ಗ್ರಾಂ ಕಡಿಮೆ ತೋರಿಸಬೇಕು. ಬೆಟ್ಟದ ರಾಶಿಯೂ ಎಳೆಯುವುದರಿಂದ ನಿಜವಾದ ಕೊರತೆ ಇನ್ನೂ ಸ್ವಲ್ಪ ಕಡಿಮೆ. ಅಕ್ಷಾಂಶದ ಪ್ರಭಾವ ಇದಕ್ಕಿಂತ ದೊಡ್ಡದು. ಭೂಮಿ ತಿರುಗುವುದರಿಂದಲೂ ನಡುವಿನಲ್ಲಿ ತುಸು ಉಬ್ಬಿರುವುದರಿಂದಲೂ ಧ್ರುವಗಳಲ್ಲಿ ಎಳೆತ ಹೆಚ್ಚು; ಇಲ್ಲಿ ಹೊಂದಿಸಿದ ತಕ್ಕಡಿಯನ್ನೂ ಚೀಲವನ್ನೂ ಅಲ್ಲಿಗೆ ಒಯ್ದರೆ ಸುಮಾರು ಕಾಲು ಕಿಲೋ ಹೆಚ್ಚು ತೋರಿಸುತ್ತದೆ. ಹಾಗಾಗಿಯೇ ನಿಖರವಾದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಬಳಸುವ ಊರಿನಲ್ಲೇ ಪ್ರಮಾಣಿತ ಬಟ್ಟುಗಳನ್ನಿಟ್ಟು ಸರಿಪಡಿಸಬೇಕು. ಇನ್ನು ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಎಷ್ಟು ಕ್ಷೀಣವೆಂದರೆ ಸಮುದ್ರದ ಮಟ್ಟವೇ ಅಲ್ಲಿ ಇರಬೇಕಾದುದಕ್ಕಿಂತ 106 ಮೀಟರ್ ತಗ್ಗಿನಲ್ಲಿದೆ. ಭೂಮಿಯ ಆಳದಲ್ಲಿರುವ ಬಿಸಿಯಾದ, ಹಗುರವಾದ ದ್ರವ್ಯ ಇದಕ್ಕೆ ಕಾರಣ ಎಂಬ ವಿವರಣೆಯನ್ನು 2023ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಮುಂದಿಟ್ಟರು.

ಗಾಳಿಯ ತಡೆಗೆ ನಾವು ಎಷ್ಟು ಋಣಿಗಳು ಎಂಬುದು ಆಷಾಢದ ಮಳೆಯಲ್ಲಿ ಗೊತ್ತಾಗಬೇಕು. ಒಂದು ಕಿಲೋಮೀಟರ್ ಎತ್ತರದ ಮೋಡದಿಂದ ಹೊರಟ ಹನಿ, ಗಾಳಿಯೇ ಇಲ್ಲದಿದ್ದರೆ, ನೆಲ ಮುಟ್ಟುವಾಗ ಸೆಕೆಂಡಿಗೆ 140 ಮೀಟರ್, ಅಂದರೆ ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿರುತ್ತಿತ್ತು. ಕಾಫಿ ಗಿಡದಲ್ಲಿ ಒಂದು ಎಲೆಯೂ ಉಳಿಯುತ್ತಿರಲಿಲ್ಲ. ಹನಿಯ ವೇಗ ಏರಿದಂತೆ ಗಾಳಿಯ ತಡೆಯೂ ಏರಿ, ಒಂದು ಹಂತದಲ್ಲಿ ಎಳೆತಕ್ಕೆ ಸಮನಾಗುತ್ತದೆ. ಅಲ್ಲಿಂದ ಮುಂದೆ ವೇಗ ಹೆಚ್ಚುವುದಿಲ್ಲ. ದಪ್ಪ ಹನಿಗಳೂ ಸೆಕೆಂಡಿಗೆ ಒಂಬತ್ತು ಮೀಟರಿನಷ್ಟು ವೇಗದಲ್ಲಿ ಬಂದು ಸೇರುತ್ತವೆ.

ನೆಲ ಸೇರಿದ ಮೇಲೂ ಎಳೆತ ನಿಲ್ಲುವುದಿಲ್ಲ. ತಲಕಾವೇರಿಯ ಆಸುಪಾಸಿನ ದಿಣ್ಣೆಗಳ ಮೇಲೆ ಪಕ್ಕಪಕ್ಕದಲ್ಲಿ ಬಿದ್ದ ಎರಡು ಹನಿಗಳಲ್ಲಿ ಒಂದು ಕಾವೇರಿಯಾಗಿ ಎಂಟುನೂರು ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಗೆ, ಇನ್ನೊಂದು ಪಯಸ್ವಿನಿಯ ದಾರಿಯಲ್ಲಿ ಅರಬ್ಬೀ ಸಮುದ್ರಕ್ಕೆ ಹೋಗಬಹುದು. ಇಳಿಯಬೇಕಾದ ಎತ್ತರ ಒಂದೇ, ದಾರಿ ಮಾತ್ರ ಪಶ್ಚಿಮಕ್ಕೆ ಬಹಳ ಗಿಡ್ಡ. ಅದಕ್ಕೇ ಪಶ್ಚಿಮದ ಕಣಿವೆಗಳು ಅಷ್ಟು ಕಡಿದು.

ಎಲ್ಲಕ್ಕಿಂತ ಹೆಚ್ಚು ನಿಧಾನಿಸಿ ತಿಳಿಯಬೇಕಾದದ್ದು ಇಳಿಜಾರಿನ ಮಣ್ಣಿನ ಲೆಕ್ಕ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಮುಂತಾದ ಕಡೆ ಬೆಟ್ಟಗಳು ಮನೆ, ತೋಟಗಳ ಸಮೇತ ಜಾರಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟವೇ ಕುಸಿಯಿತು. ಮಳೆನೀರಿನಿಂದ ಮಣ್ಣು ಭಾರವಾಗಿ ಜಾರಿತು ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಉತ್ತರ.

30 ಡಿಗ್ರಿ ಇಳಿಜಾರಿನ ಮೇಲೆ ಒಂದು ಟನ್ ಮಣ್ಣಿದೆ ಎನ್ನಿ. ಭೂಮಿಯ ಎಳೆತ ಅಲ್ಲಿ ಎರಡಾಗಿ ಒಡೆಯುತ್ತದೆ. ಇಳಿಜಾರಿನ ಉದ್ದಕ್ಕೆ ಕೆಳಗೆ ಎಳೆಯುವ ಪಾಲು 500 ಕಿಲೋ ತೂಕದಷ್ಟು. ಮಣ್ಣನ್ನು ಅಡಿಯ ಪದರಕ್ಕೆ ಒತ್ತಿ ಹಿಡಿಯುವ ಪಾಲು 866 ಕಿಲೋ ತೂಕದಷ್ಟು. ಈ ಒತ್ತಡದಿಂದ ಘರ್ಷಣೆ ಹುಟ್ಟುತ್ತದೆ. ಒತ್ತಡದ ಶೇಕಡಾ 70ರಷ್ಟು ಘರ್ಷಣೆ ಸಿಗುವ ಮಣ್ಣಾದರೆ ತಡೆಯುವ ಶಕ್ತಿ 606. ಎಳೆತ 500, ತಡೆ 606, ಮಣ್ಣು ನಿಂತಿದೆ. ಮಳೆ ಬಂದು ಮಣ್ಣು ಇನ್ನೂ 200 ಕಿಲೋ ಭಾರವಾಯಿತು ಎನ್ನಿ. ಎಳೆತ 600ಕ್ಕೆ ಏರುತ್ತದೆ, ಆದರೆ ಒತ್ತಡ ಹೆಚ್ಚಿದ್ದರಿಂದ ತಡೆಯೂ 727ಕ್ಕೆ ಏರುತ್ತದೆ. ಘರ್ಷಣೆಯೊಂದರ ಲೆಕ್ಕದಲ್ಲಿ ಬರೀ ಭಾರದಿಂದ ಬೆಟ್ಟ ಜಾರುವುದಿಲ್ಲ!

ನೀರು ಮಾಡುವ ನಿಜವಾದ ಕೇಡು ಬೇರೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ತುಂಬಿ, ಇಂಗಲು ದಾರಿಯಿಲ್ಲದೆ ಬಂಡೆಯ ಮೇಲೆ ನಿಂತ ನೀರಿಗೆ ಒತ್ತಡವಿರುತ್ತದೆ. ಅದು ಮೇಲಿನ ಮಣ್ಣನ್ನು ಒಳಗಿನಿಂದ ಎತ್ತುತ್ತದೆ. ಮೊದಲಿನ ಒಂದು ಟನ್ನಿನ ಲೆಕ್ಕದಲ್ಲೇ 866ರ ಒತ್ತಡದಿಂದ 300ನ್ನು ನೀರು ಕಳೆದರೆ ಉಳಿಯುವುದು 566; ಅದರ ಶೇಕಡಾ 70 ಸುಮಾರು 396. ಎಳೆತ 500 ಇದ್ದ ಹಾಗೆಯೇ ಇದೆ. ಬೆಟ್ಟ ಜಾರುತ್ತದೆ. ಬೇರುಗಳ ಹಿಡಿತ, ಜೇಡಿಯ ಅಂಟು ಇವು ಮಣ್ಣಿನ ಭಾರದ ಜೊತೆ ಏರುವಂಥವಲ್ಲ. ಅಂಥ ಹಿಡಿತದಿಂದ ನಿಂತಿರುವ ಮಣ್ಣಿಗೆ ಮಾತ್ರ ನೀರಿನ ಭಾರವೂ ಹೊರೆಯೇ. ಇನ್ನು ರಸ್ತೆಗೋ ಮನೆಗೋ ಬೆಟ್ಟದ ಬುಡವನ್ನು ನೆಟ್ಟಗೆ ಕಡಿದರೆ ಅಲ್ಲಿ ಇಳಿಜಾರಿನ ಕೋನವೇ ಬದಲಾಗುತ್ತದೆ. 45 ಡಿಗ್ರಿಯಾದರೆ ಎಳೆತ 707, ಅದೇ ಮಣ್ಣಿನ ಘರ್ಷಣೆ 495. ಒಣ ಮಣ್ಣೂ ಅಂಟಿನ ಬಲದಿಂದಷ್ಟೇ ನಿಂತಿರುತ್ತದೆ. ಜೆಸಿಬಿಯಿಂದ ಕಡಿದು, ಗೋಡೆಯನ್ನೂ ಕಟ್ಟದೆ, ನೀರು ಹೊರಹೋಗಲು ರಂಧ್ರಗಳನ್ನೂ ಬಿಡದೆ ಮಳೆಗಾಲಕ್ಕೆ ಒಡ್ಡಿದ ಬೆಟ್ಟಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ತಡೆಗೋಡೆ ಕಟ್ಟಿದರೂ ಅದರ ಹಿಂದಿನ ನೀರಿಗೆ ದಾರಿ ಬಿಡದಿದ್ದರೆ ಗೋಡೆಯೇ ಆ ಒತ್ತಡವನ್ನು ಹೊರಬೇಕಾಗುತ್ತದೆ.

ಜಾರುವ ಮುನ್ನ ಬೆಟ್ಟ ಕೊಡುವ ಸೂಚನೆಗಳೂ ಈ ಲೆಕ್ಕದಿಂದಲೇ ಹುಟ್ಟುವಂಥವು. ಇಳಿಜಾರಿನ ನೆತ್ತಿಯಲ್ಲಿ ಅಡ್ಡ ಬಿರುಕು ಕಂಡರೆ ಕೆಳಗಿನ ಮಣ್ಣು ಆಗಲೇ ಹೊರಟಿದೆ ಎಂದರ್ಥ. ಆ ಬಿರುಕಿನೊಳಗೆ ಇಳಿದ ಮಳೆನೀರು ಒತ್ತಡವನ್ನು ಇನ್ನೂ ಏರಿಸುತ್ತದೆ, ಆದ್ದರಿಂದ ನೀರು ಅತ್ತ ಹೋಗದಂತೆ ಕೂಡಲೇ ತಿರುಗಿಸಬೇಕು. ನೆಟ್ಟಗಿದ್ದ ವಿದ್ಯುತ್ ಕಂಬ, ಸಿಲ್ವರ್ ಓಕ್ ಮರಗಳು ಒಂದೇ ದಿಕ್ಕಿಗೆ ವಾಲುವುದು, ಎಂದೂ ಇಲ್ಲದ ಜಾಗದಲ್ಲಿ ಕೆಸರು ನೀರಿನ ಜಲ ಒಡೆಯುವುದು, ಮನೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳುವುದು ಇವೆಲ್ಲ ಅದೇ ಚಲನೆಯ ಗುರುತುಗಳು. ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೇಲೆಲ್ಲೋ ಮಣ್ಣು ಕುಸಿದು ಹಳ್ಳಕ್ಕೆ ಅಡ್ಡ ಬಿದ್ದಿರಬಹುದು. ಆಗ ಸಾಮಾನು ಕಟ್ಟುತ್ತಾ ನಿಲ್ಲಬಾರದು. ಕಣಿವೆಯ ಉದ್ದಕ್ಕೆ ಕೆಳಗೆ ಓಡದೆ, ಪಕ್ಕದ ಗಟ್ಟಿಯಾದ ಎತ್ತರದ ಕಡೆಗೆ ಹತ್ತಬೇಕು.